ಕೋಡು ಮೂರೇ, ಬಣ್ಣ ನಿಂದು

ಶಾಲೆಯ ಹಾಲ್‌ನಲ್ಲಿ ಅವಳ ಶ್ರದ್ಧಾಂಜಲಿ ಸಭೆ ನಡೆದಾಗ ಸೆಕ್ರೆಟರಿ ಸಾಹೇಬರು ಮೈಕ್ ಹಿಡಿದು, "ಅವರು ಹಸುವಿನಂಥ ಹೆಂಗಸು. ಒಂದು ದಿನವೂ ಯಾರಿಗೂ ಎದುರು ಮಾತಾಡಿದವರಲ್ಲ" ಎಂದರು. ನನಗೆ ಆಬ್ಜೆಕ್ಷನ್ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಬೇರೆಯವರು ಮಾತಾಡುವಾಗ ಬಾಯಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನ್ನನ್ನು ಬೆಳೆಸಿದ್ದಾರೆ. ಆದರೆ ಬರೆಯಬಾರದೆಂದು ಅವರು ಹೇಳಿರಲಿಲ್ಲ.

ಹಸುವಿನಂಥ ಹೆಂಗಸು! ನಾನ್ಸೆನ್ಸ್. ಅವಳು ಭಟ್ಕಳದಿಂದ ಬರುವ ಬಸ್ಸಿನ ಕಂಡಕ್ಟರನ ಜೊತೆ ಜಗಳಾಡಿದ್ದಾಳೆ. ನಿನ್ನೆಯ ಬಂಗಡೆಯನ್ನು ಇವತ್ತಿನದೆಂದು ಮಾರುವ ಹೊನ್ನಾವರ ಮಾರ್ಕೆಟ್ಟಿನ ಹೆಂಗಸರ ಜೊತೆ ಜಗಳಾಡಿದ್ದಾಳೆ. ಈ ಸೆಕ್ರೆಟರಿಗಿಂತ ಮೊದಲು ಸೆಕ್ರೆಟರಿಯಾಗಿದ್ದ ಅವರ ತಂದೆಯ ಜೊತೆಗಂತೂ ಕೇಳುವುದೇ ಬೇಡ. ಮತ್ತು ನನ್ನ ಜೊತೆ ದಿನಾ, ಅಟೆಂಡೆನ್ಸ್ ಹಾಕಿದಷ್ಟೇ ತಪ್ಪದೆ. ಸತ್ತವರನ್ನೆಲ್ಲ ಸಾಧುಗಳನ್ನಾಗಿ ಮಾಡಿಬಿಡುವ ಈ ಅಭ್ಯಾಸ ನನಗೆ ಸೇರುವುದಿಲ್ಲ. ಅದೂ ಒಂದು ಬಗೆಯ ಬಾಯಿ ಮುಚ್ಚಿಸುವಿಕೆಯೇ.

ಅಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸಭೆಯ ಕೊನೆಗೆ ಅವರು ಒಂದು ಅನೌನ್ಸ್‌ಮೆಂಟ್ ಮಾಡಿದರು. ಇನ್ನು ಮುಂದೆ ಪ್ರತಿ ವರ್ಷ ಅವಳ ಹೆಸರಿನಲ್ಲಿ ಕೆ.ಜಿ. ಮಕ್ಕಳಿಗೆ 'ಡೈನೋಸಾರ್ ಚಿತ್ರಕ್ಕೆ ಬಣ್ಣ ತುಂಬುವ ಸ್ಪರ್ಧೆ'. ಅಚ್ಚು ಹಾಕಿದ ಚಿತ್ರ ಕೊಡುತ್ತಾರೆ. ಗೆರೆ ದಾಟಬಾರದು. ಪುಸ್ತಕದಲ್ಲಿದ್ದ ಬಣ್ಣವೇ ಇರಬೇಕು. ಫಸ್ಟ್, ಸೆಕೆಂಡ್, ಥರ್ಡ್.

"ಜಡ್ಜ್ ನೀವೇ ಆಗ್ಬೇಕು ಮೇಡಂ" ಎಂದರು ನನ್ನ ಬಳಿ ಬಂದು. "ಅವರ ಬೆಸ್ಟ್ ಫ್ರೆಂಡ್ ನೀವಲ್ವಾ."

ಹೌದು, ಬೆಸ್ಟ್ ಫ್ರೆಂಡ್. ಅದಕ್ಕೇ ಅಂದಿನಿಂದ ನನಗೆ ನಿದ್ದೆಯಿಲ್ಲ. ಅವಳು ಯಾವುದನ್ನು ಇಡೀ ಸರ್ವೀಸಿನಲ್ಲಿ ಎದುರಿಸಿ ನಿಂತಿದ್ದಳೋ ಅದರ ಮೇಲೆಯೇ ಅವಳ ಹೆಸರನ್ನು ಬರೆಯಲು ಹೊರಟಿದ್ದರು. ಸ್ಪರ್ಧೆಯನ್ನು ನಿಲ್ಲಿಸುವ ಶಕ್ತಿ ನನಗಿಲ್ಲ. ರಿಟೈರ್ ಆದ ಟೀಚರ್ ಮಾತನ್ನು ಯಾವ ಕಮಿಟಿ ಕೇಳುತ್ತದೆ? ಅವಳ ಹೆಸರನ್ನಾದರೂ ಅದರಿಂದ ಬಿಡಿಸಬೇಕು. ಅಷ್ಟನ್ನು ಮಾಡಲಾಗದಿದ್ದರೆ ನಾನೆಂಥ ಫ್ರೆಂಡ್?

ನಾನು ಹೊನ್ನಾವರದ ಆ ಶಾಲೆಯಲ್ಲಿ ಕೆ.ಜಿ.ಗೆ ಇಂಗ್ಲಿಷ್ ರೈಮ್ಸ್ ಹೇಳಿಕೊಡುತ್ತಿದ್ದೆ. ಅವಳು ಆಕ್ಟಿವಿಟಿ ಟೀಚರ್ ಆಗಿ ಬಂದಳು. ಭಟ್ಕಳದ ಹತ್ತಿರದ ತನ್ನ ಊರು ಬೆಳಕೆಯಿಂದ ದಿನಾ ಬಸ್ಸು. ಕಿಟಕಿಯ ಸೀಟು ಸಿಕ್ಕಿದ ದಿನ ತಲೆ ಕೆದರಿ, ಸಿಗದ ದಿನ ಸೀರೆ ಮುದುಡಿ ಬರುವಳು. ನೋಡಲು ಗಟ್ಟಿ ಆಳು. ದೊಡ್ಡ ದನಿ. ಉಗುರಿನ ಸಂದಿಯಲ್ಲಿ ಯಾವಾಗಲೂ ಕ್ರೆಯಾನಿನ ಮೇಣ. ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಮಕ್ಕಳ ನಡುವೆ ನೆಲದ ಮೇಲೆ ಒಂದು ಮೊಣಕಾಲೆತ್ತಿ ಕುಳಿತುಬಿಡುವಳು. ಮೀನು ಕೊಯ್ಯಲು ಕೂತ ಹಾಗೆ.

ಹೊಸ ಕ್ರೆಯಾನ್ ಡಬ್ಬಿ ಬಂದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ, ಒಳಗಿನ ಕಡ್ಡಿಗಳನ್ನೆಲ್ಲ ಪಟಪಟನೆ ಮುರಿಯುವುದು. ನಾನು ಕಿರುಚಿಕೊಂಡಿದ್ದೆ.

"ಎಂತ ಮಾಡ್ತಾ ಇದ್ದಿ ನೀನು? ಬ್ರ್ಯಾಂಡ್ ನ್ಯೂ!"

"ಇಡೀ ಕಡ್ಡಿ ಇದ್ರೆ ಮಕ್ಕಳು ಮುರಿದೋದೀತು ಅಂತ ಹೆದರ್ಕೊಂಡು ಬಣ್ಣ ಹಚ್ತವೆ ಮಿಸ್ಸೇ. ಮುರಿದದ್ದಕ್ಕೆ ಯಾರೂ ಹೆದರೂದಿಲ್ಲ" ಎಂದು ಹೇಳಿ, ಕಡ್ಡಿಯ ಮೇಲಿನ ಕಾಗದವನ್ನು ಹಲ್ಲಿನಿಂದ ಕಚ್ಚಿ ತೆಗೆದಳು.

ಡೈನೋಸಾರ್ ಬಂದದ್ದು ಒಂದು ಪ್ಲಾಸ್ಟಿಕ್ ಆಟಿಕೆಯಿಂದ. ಯಾವುದೋ ಹುಡುಗ ಬಸ್‌ಸ್ಟ್ಯಾಂಡಿನ ಅಂಗಡಿಯದನ್ನು ಟಿಫಿನ್ ಬ್ಯಾಗಿನಲ್ಲಿ ತಂದಿದ್ದ. ಬಾಯಿ ತೆರೆದು ಹಲ್ಲು ಕಿಸಿದ ಪ್ರಾಣಿ. ಅದನ್ನು ಹಿಡಿದು ಉಳಿದವರನ್ನು ಅಟ್ಟಿಸಿಕೊಂಡು ಹೋದ. ಬಂದರು ಕೇರಿಯ ಒಬ್ಬ ಹುಡುಗಿ ಹೆದರಿ, ಅದು ರಾತ್ರಿ ಶರಾವತಿ ಸೇತುವೆ ದಾಟಿ ತಮ್ಮ ಮನೆಗೆ ಬರುತ್ತದೆ ಎಂದು ಅಳಲು ಶುರು ಮಾಡಿದಳು. ನಾನು ಆಟಿಕೆಯನ್ನು ಕಿತ್ತು ಕಪಾಟಿಗೆ ಹಾಕಿ ಬೀಗ ಹಾಕಿದೆ. ಅವಳು ಬೀಗ ತೆಗೆಸಿದಳು. ಕ್ಲಾಸಿನ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ತುಂಬ ಚಾಕ್‌ಪೀಸಿನಲ್ಲಿ ಅದೇ ಪ್ರಾಣಿಯನ್ನು ಬರೆದಳು. ಬಾಲ ಬಾಗಿಲಿನಿಂದ ಹೊರಗೆ ವರಾಂಡಕ್ಕೆ ಹೋಯಿತು.

"ಹೆದರಿಕೆ ಆಗ್ತದಾ? ಹಂಗಾರೆ ಬಣ್ಣ ಹಚ್ಚು. ಬಣ್ಣ ಹಚ್ಚಿದ್ದು ನಿಂದಾತು" ಎಂದಳು ಆ ಹುಡುಗಿಗೆ.

ಹುಡುಗಿ ತುಂಬ ಹೊತ್ತು ದೂರ ನಿಂತಿದ್ದು, ಕೊನೆಗೆ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಅದರ ಉಗುರುಗಳಿಗೆ ಗುಲಾಬಿ ಬಣ್ಣ ಹಚ್ಚಿದಳು. ಅವಳ ಅಮ್ಮನ ನೇಲ್‌ಪಾಲಿಶ್ ಬಣ್ಣ. ಮಧ್ಯಾಹ್ನ ಅದರ ಹೊಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಡಬ್ಬಿ ಬಿಚ್ಚಿ ಅವಲಕ್ಕಿ ತಿಂದಳು.

"ಇದು ಈಗ ಎಲ್ಲದೆ ಮಿಸ್?" ಎಂದು ಯಾರೋ ಕೇಳಿದರು.

"ಎಲ್ಲೂ ಇಲ್ಲ. ಎಲ್ಲಾ ಸತ್ತೋದ್ವು. ನಿಮ್ಮ ಅಜ್ಜನ ಅಜ್ಜ ಹುಟ್ಟೂಕೂ ಎಷ್ಟೋ ಮೊದ್ಲು."

ಕೆ.ಜಿ. ಮಕ್ಕಳ ಎದುರು ಸಾವಿನ ಮಾತೆತ್ತಬಾರದು ಎಂದು ಆಮೇಲೆ ಸ್ಟಾಫ್ ರೂಮಿನಲ್ಲಿ ನಾನು ಅವಳಿಗೆ ಲೆಕ್ಚರ್ ಕೊಟ್ಟೆ. ಅವಳು ತನ್ನ ಡಬ್ಬಿಯಿಂದ ತಲೆಯೆತ್ತಲಿಲ್ಲ. "ಈ ಮಕ್ಕಳ ಮನೇಲಿ ದಿನಾ ಮೀನು ಊಟ. ಮೀನು ಜೀವಂತ ಬಂದು ಬಟ್ಟಲಲ್ಲಿ ಕೂತ್ಕಂತದಾ ಮಿಸ್ಸೇ?"

ಅಲ್ಲಿಂದ ನಮ್ಮಿಬ್ಬರ ಪಾರ್ಟ್ನರ್‌ಶಿಪ್ ಶುರುವಾಯಿತು. ಇಂಗ್ಲಿಷ್ ಪುಸ್ತಕ ಓದಿ ಹೇಳುವುದು ನನ್ನ ಕೆಲಸ, ನಂಬದೆ ಇರುವುದು ಅವಳ ಕೆಲಸ. ನಾನು ಟ್ರೈಸೆರಾಟಾಪ್ಸ್ ಎನ್ನುವೆ, ಅವಳು ಮೂರ್ಕೋಡಿ ಎನ್ನುವಳು. ಉದ್ದಕುತ್ತಿಗೆ, ಕೋಪಿಷ್ಠ ಎಂದು ಉಳಿದವಕ್ಕೂ ನಾಮಕರಣವಾಯಿತು. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ಮಗು ಮನೆಗೆ ಬಂದು ಮೂರ್ಕೋಡಿ ಎನ್ನುತ್ತದೆ ಎಂದು ಒಬ್ಬ ತಂದೆ ಕಂಪ್ಲೇಂಟ್ ತಂದರು. "ನೀವು ಮನೇಲಿ ಇಂಗ್ಲಿಷ್ ಹೇಳಿ, ನಾ ಇಲ್ಲಿ ಇದ್ನ ಹೇಳ್ತೆ, ಮಗಿಗೆ ಎರಡೂ ಬರ್ತದೆ. ಲಾಭ ಅಲ್ದಾ?" ಎಂದು ಅವರನ್ನು ಹಾಗೆಯೇ ಕಳಿಸಿದಳು.

ಚಿರೆಕಲ್ಲಿನ ಕಾಂಪೌಂಡ್ ಗೋಡೆಯೇ ಅವಳ ದೊಡ್ಡ ಉಪಕರಣ. ಬಿಳಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಮೇಲಿನಿಂದ ಕ್ರೆಯಾನನ್ನು ಅಡ್ಡ ಮಲಗಿಸಿ ಉಜ್ಜಿದರೆ ಕಲ್ಲಿನ ತೂತುಗಳು, ಗಂಟುಗಳು ಎಲ್ಲ ಕಾಗದದ ಮೇಲೆ ಏಳುತ್ತವೆ. ಥೇಟ್ ಪ್ರಾಣಿಯ ತೊಗಲು. ಮಕ್ಕಳು ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತು ಉಜ್ಜುತ್ತಿದ್ದುದನ್ನು ಕಂಡು, ದಾರಿಯಲ್ಲಿ ಹೋಗುವವರು ಇಷ್ಟು ಸಣ್ಣ ಮಕ್ಕಳಿಗೆ ಶಿಕ್ಷೆ ಕೊಟ್ಟಿದ್ದಾರೆಂದು ಒಳಗೆ ಬಂದು ವಿಚಾರಿಸಿದ್ದೂ ಉಂಟು.

ಒಂದು ಸಲ ದೀಪಾವಳಿ ರಜೆ ಮುಗಿಸಿ ಬಂದ ಮಕ್ಕಳಿಗೆ ಮೂರ್ಕೋಡಿಯ ಗೆರೆಚಿತ್ರ ಕೊಟ್ಟಳು. ನಮ್ಮ ಕಡೆ ಗೋಪೂಜೆಯ ದಿನ ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಶೇಡಿಯ ಬಿಳಿಮಣ್ಣಿನಲ್ಲಿ, ಕೆಮ್ಮಣ್ಣಿನಲ್ಲಿ ಅದ್ದಿ ದನಗಳ ಮೈಮೇಲೆ ಒತ್ತುತ್ತಾರಲ್ಲ, ಬಳೆ ಬಳೆಯಾಗಿ ಬಿಳಿ ಕೆಂಪು ಗುರುತು ಬರುವ ಹಾಗೆ? ಅರ್ಧ ಕ್ಲಾಸು ಮೂರ್ಕೋಡಿಗೆ ಅದನ್ನೇ ಮಾಡಿತ್ತು. ಮೈತುಂಬ ಬಳೆಗಳು. ಕುತ್ತಿಗೆಗೆ ಚೆಂಡುಹೂವಿನ ಮಾಲೆ. ಕೋಡು ಕಂಡ ಮೇಲೆ ಅದು ಕೊಟ್ಟಿಗೆಯದೇ ಎಂದು ಅವರ ತೀರ್ಮಾನ. ಒಬ್ಬ ಹುಡುಗ ಕೆಚ್ಚಲನ್ನೂ ಬರೆದು ಕೆಳಗೆ ಚೊಂಬು ಇಟ್ಟಿದ್ದ.

ನಾನು ನಕ್ಕು ಸುಸ್ತಾದೆ. ಅವಳು ನಗಲಿಲ್ಲ. ಚೊಂಬಿನ ಹುಡುಗನ ಹತ್ತಿರ ಕುಳಿತಳು.

"ಇದು ಹಾಲು ಕೊಡೂದಿಲ್ಲ ಮಗಾ. ಮೊಟ್ಟೆ ಇಡ್ತದೆ."

"ಕೋಳಿ ಹಂಗೆ?"

"ಹೌದು. ಕೆಚ್ಚಲು ತೆಗೆ. ಚೊಂಬಲ್ಲಿ ನೀರು ಕೊಡು ಬೇಕಾರೆ."

ಹುಡುಗನಿಗೆ ದುಃಖವಾಯಿತು. ಆದರೂ ಅಳಿಸಿದ. "ಬಳೆ, ಹೂ ಎಲ್ಲಾ ತೆಗೀಬೇಕಾ ಮಿಸ್?"

"ಅದೆಲ್ಲ ಎಂತಕ್ಕೆ ತೆಗೀತಿ? ಹಬ್ಬ ಅದಕ್ಕೂ ಇರ್ಲಿ."

ಮರುದಿನ ಎಲ್ಲರೂ ಸೇರಿ ಹಳೆ ಪೇಪರು, ಗಂಜಿಯ ಅಂಟು, ಕೆಮ್ಮಣ್ಣು ಕಲಸಿ ಮೊಟ್ಟೆ ಮಾಡಿದರು. ಯೂನಿಫಾರ್ಮೆಲ್ಲ ಕೆಂಪು. ಒಬ್ಬ ತಾಯಿ ಸಿಟ್ಟಿನಿಂದ ಗೇಟಿನಲ್ಲಿ ನಿಂತು, "ಇದ್ನ ತೊಳೆಯೂದು ಯಾರು? ನೀವಾ?" ಎಂದರು. "ಕೊಡಿ" ಎಂದು ಅವಳು ಕೈ ಚಾಚಿದಳು. ಆ ತಾಯಿ ನಿಜವಾಗಿಯೂ ಕೊಟ್ಟುಬಿಟ್ಟರು! ಅವಳು ಅದನ್ನು ಬೆಳಕೆಗೆ ಒಯ್ದು ತೊಳೆದು ತಂದಳು. ಆದರೆ ಇಸ್ತ್ರಿ ಮಾಡಲಿಲ್ಲ. "ಇಸ್ತ್ರಿ ಮಾತಲ್ಲಿ ಇರ್ಲಿಲ್ಲ" ಎಂದಳು.

ಬಣ್ಣದಲ್ಲಿ ಇಷ್ಟು ಸಡಿಲ ಬಿಡುವವಳು ಆಕಾರದಲ್ಲಿ ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ. ಚಂದ ಕಾಣುತ್ತದೆಂದು ಒಬ್ಬಳು ನಾಲ್ಕನೆಯ ಕೋಡು ಇಟ್ಟಾಗ, "ಕೋಡು ಮೂರೇ. ಬಣ್ಣ ನಿಂದು, ಮೂಳೆ ನಿಂದಲ್ಲ. ಮೂಳೆ ಮಣ್ಣಲ್ಲಿ ಸಿಕ್ಕಿದ್ದು, ಅದ್ರ ಮೇಲೆ ಸುಳ್ಳು ಹೇಳೂಕಾಗೂದಿಲ್ಲ" ಎಂದು ಅಳಿಸಿಯೇ ಬಿಟ್ಟಳು. ಅಪ್ಸರಕೊಂಡಕ್ಕೆ ಪಿಕ್‌ನಿಕ್ ಹೋದಾಗ ಮಕ್ಕಳು ಬಂಡೆಯಲ್ಲಿ ಒಂದು ಗುಂಡಿ ಕಂಡು, "ಹೆಜ್ಜೆ! ಉದ್ದಕುತ್ತಿಗೆ ಹೆಜ್ಜೆ!" ಎಂದು ಕುಣಿದವು. ಅವಕ್ಕೆ ಇಷ್ಟು ಖುಷಿಯಾಗಿರುವಾಗ ಹೌದೆಂದರೆ ಏನು ಕಳೆದುಹೋಗುತ್ತದೆ ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಅಲ್ಲ ಮಕ್ಕಳೇ. ಇದು ನೀರು ಕೊರೆದ ಗುಂಡಿ. ಆದ್ರೆ ಅದ್ರ ಕಾಲು ಇದ್ಕಿಂತ ದೊಡ್ಡದಾಗಿತ್ತು. ಒಬ್ಬೊಬ್ರೇ ಇಳ್ದು ಕೂತ್ಕೊಳ್ಳಿ, ನೋಡುವ." ಮಕ್ಕಳಿಗೆ ಹೆಜ್ಜೆಗಿಂತ ಅದೇ ಹೆಚ್ಚು ಖುಷಿ ಕೊಟ್ಟಿತು.

ಎಷ್ಟೋ ವರ್ಷಗಳ ಮೇಲೆ ನಾನು ಹೊಸ ಪುಸ್ತಕವೊಂದರಲ್ಲಿ, ಕೆಲವು ಡೈನೋಸಾರುಗಳ ಬಣ್ಣದ ಸುಳಿವು ವಿಜ್ಞಾನಿಗಳಿಗೆ ಸಿಕ್ಕಿದೆ ಎಂದು ಓದಿ, ಗೆದ್ದವಳ ಹಾಗೆ ಅವಳಿಗೆ ಹೇಳಿದೆ. ಬಣ್ಣ ಯಾರಿಗೂ ಗೊತ್ತಿಲ್ಲ ಎಂಬುದು ಅವಳ ಇಡೀ ಪಾಠದ ಅಡಿಪಾಯ. ಆ ದಿನ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು. ಬಸ್ಸಿಗೆ ಹೊರಟವಳು ತಿರುಗಿ ಬಂದು, "ಆತು. ಯಾವುದರ ಬಣ್ಣ ಸಿಕ್ಕಿದ್ಯೋ ಅದಕ್ಕೆ ಮಾತ್ರ ಅದೇ ಬಣ್ಣ. ಉಳಿದವು ಮಕ್ಕಳವೇ" ಎಂದು ಹೇಳಿ ಹೋದಳು. ಸೋಲುವುದಾದರೂ ಗೆರೆ ಹಾಕಿ ಇಷ್ಟೇ ಎಂದು ಸೋಲುವ ಹೆಂಗಸು.

ನನ್ನ ಬಾಲ್ಯದಲ್ಲಿ ಸಿಸ್ಟರ್ ನನ್ನ ಕಲರಿಂಗ್ ಬುಕ್ಕನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸುತ್ತಿದ್ದರು. ವೆರಿ ನೀಟ್. ಆಪಲ್‌ಗೆ ಕೆಂಪು, ಎಲೆಗೆ ಹಸಿರು. ಆಗ ಕುಮಟೆಯಲ್ಲಿ ಬೆಳೆಯುತ್ತಿದ್ದ ನಾನು ಆಪಲ್ಲನ್ನು ಕಂಡಿರಲೇ ಇಲ್ಲ. ಕಂಡದ್ದು ಮಾವು, ಗೇರುಹಣ್ಣು. ಇವತ್ತಿಗೂ ನನಗೆ ಯಾರಾದರೂ ಗೆರೆ ಹಾಕಿಕೊಡದೆ ಒಂದು ಹೂವನ್ನೂ ಬರೆಯಲು ಬಾರದು. ಇದನ್ನು ಅವಳಿಗೆ ಹೇಳಿದ್ದೆ. ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ, ಮಾಡಲಿಲ್ಲ. ಒಂದು ತುಂಡು ನೇರಳೆ ಕ್ರೆಯಾನನ್ನು ನನ್ನ ಕೈಗೆ ತುರುಕಿ ತನ್ನ ಕೆಲಸಕ್ಕೆ ಹೋದಳು.

ಈಗ ಕುಮಟೆಯ ಸ್ಪರ್ಧೆಯ ಕತೆ. ಇದನ್ನು ಸೆಕ್ರೆಟರಿ ಸಾಹೇಬರು ಮೈಕಿನಲ್ಲಿ ಹೇಳಲಿಲ್ಲ.

ಅಲ್ಲಿನ ಒಂದು ಹಾಲ್‌ನಲ್ಲಿ ಹಲವು ಶಾಲೆಗಳ ಮಕ್ಕಳಿಗೆ ಬಣ್ಣ ತುಂಬುವ ಸ್ಪರ್ಧೆ. ನಮ್ಮ ಮಕ್ಕಳನ್ನೂ ಕರೆದೊಯ್ದಿದ್ದೆವು. ಚಿತ್ರವೂ ಡೈನೋಸಾರಿನದೇ. ನಮ್ಮ ಒಬ್ಬ ಹುಡುಗಿ, ಮಾತು ಬಹಳ ಕಡಿಮೆಯವಳು, ಇಡೀ ಹಾಳೆಯನ್ನು ಕಪ್ಪು ಮಾಡಿದಳು. ಗೆರೆ ಇಲ್ಲ, ಪ್ರಾಣಿ ಇಲ್ಲ, ಬರೀ ಕಪ್ಪು. ಜಡ್ಜ್ ಅದನ್ನು ಎತ್ತಿ ಪಕ್ಕದವರಿಗೆ ತೋರಿಸಿ, "ಇದ್ಯಾವ ಪ್ರಾಣಿ ಮಾರಾಯ್ರೆ, ಇದ್ದಿಲಾ?" ಎಂದು ನಕ್ಕು, ತೆಗೆದುಹಾಕುವ ರಾಶಿಗೆ ಎಸೆದರು. ಹುಡುಗಿ ನೋಡುತ್ತಿದ್ದಳು.

ನಮ್ಮವಳು ಮೊದಲು ಹುಡುಗಿಯ ಹತ್ತಿರ ಹೋಗಿ ಕೇಳಿದಳು, ಇದೆಂತ ಮಗಾ ಎಂದು. "ರಾತ್ರಿ" ಎಂದಳು ಹುಡುಗಿ. "ಅದು ಮಲಗ್ಕಂಡದೆ."

ಆಮೇಲೆ ನಮ್ಮವಳು ಸ್ಟೇಜಿನ ಮೇಲೆ ಹೋದಳು. ನಾನು ಸೆರಗು ಹಿಡಿದು ಎಳೆದೆ, ಬಿಡಿಸಿಕೊಂಡು ಹೋದಳು. ತೆಗೆದುಹಾಕಿದ ರಾಶಿಯಿಂದ ಕಪ್ಪು ಹಾಳೆಯನ್ನು ಎತ್ತಿಕೊಂಡಳು. ಮೇಜಿನ ಮೇಲೆ ನಂಬರಿಗೆ ಕಾದಿದ್ದ ನಮ್ಮ ಉಳಿದ ಮಕ್ಕಳ ಹಾಳೆಗಳನ್ನೂ ಒಂದೊಂದಾಗಿ ಆರಿಸಿ ತೆಗೆದಳು.

"ಏನಮ್ಮಾ ಇದು? ನಿಮ್ಮದೊಂದು ಮಗು ಸೆಕೆಂಡ್ ಬರೂದಿತ್ತು!" ಎಂದರು ಜಡ್ಜ್.

"ನೀವೇ ಇಟ್ಕೊಳ್ಳಿ ಸೆಕೆಂಡು" ಎಂದಳು. "ನಕ್ಕಿದ್ದಕ್ಕೆ ಆ ಮಗಿನ ಹತ್ರ ತಪ್ಪಾಯ್ತು ಹೇಳ್ತ್ರಾ? ಇಲ್ಲ ಅಲ್ದಾ? ಮಕ್ಕಳೇ, ಏಳಿ. ಬಸ್ಸಿಗೆ ಹೊತ್ತಾತು."

ಹೊನ್ನಾವರದವರೆಗೆ ಬಸ್ಸಿನಲ್ಲಿ ಹಾಳೆಗಳನ್ನು ಎದೆಗೊತ್ತಿಕೊಂಡು ನಿಂತೇ ಬಂದಳು. ಮರುದಿನ ಹಿರಿಯ ಸೆಕ್ರೆಟರಿ, ಅಂದರೆ ಈಗಿನವರ ತಂದೆ, ಅವಳನ್ನು ಕರೆಸಿ ಶಾಲೆಯ ಮರ್ಯಾದೆ ತೆಗೆದೆ ಎಂದು ಕೂಗಾಡಿದರು. ನಾನು ಬಾಗಿಲಲ್ಲಿದ್ದೆ. ಅವಳು ಹೇಳಿದ್ದು ಇಷ್ಟೇ: "ಮಕ್ಕಳ ಚಿತ್ರಕ್ಕೆ ನಂಬರು ಹಾಕೂ ಜಾಗಕ್ಕೆ ನಾ ಇನ್ನು ಮಕ್ಕಳ ಕರ್ಕೊಂಡು ಹೋಗೂದಿಲ್ಲ. ನನ್ನ ತೆಗೀಬೇಕಾರೆ ತೆಗೀರಿ, ಈಗ್ಲೇ ಹೇಳಿ, ಹತ್ತೂವರೆ ಬಸ್ಸು ಸಿಗ್ತದೆ." ತೆಗೆಯಲಿಲ್ಲ. ಅವಳು ಹೋದರೆ ಆ ಮಕ್ಕಳನ್ನು ಮಧ್ಯಾಹ್ನದ ಬೆಲ್ಲಿನವರೆಗೆ ಹಿಡಿದಿಡುವವರು ಯಾರೂ ಇರಲಿಲ್ಲ. ಅವಳು ರಿಟೈರ್ ಆಗುವವರೆಗೆ ನಮ್ಮ ಕೆ.ಜಿ. ಯಾವ ಸ್ಪರ್ಧೆಗೂ ಹೋಗಲಿಲ್ಲ.

ಅಂಥವಳ ಹೆಸರಿನಲ್ಲಿ ಫಸ್ಟ್, ಸೆಕೆಂಡ್, ಥರ್ಡ್!

ಸೆಕ್ರೆಟರಿ ಸಾಹೇಬರ ಮನೆಗೆ ಹೋಗಿ, ಜಡ್ಜ್ ಆಗುವುದಿಲ್ಲ, ಅವಳ ಹೆಸರನ್ನೂ ತೆಗೆಯಿರಿ ಎಂದು ಹೇಳಿದೆ. ಅವರು ಕೆಟ್ಟವರಲ್ಲ. ಚಾ ತರಿಸಿದರು. "ಮೇಡಂ, ನಾವು ಗೌರವಕ್ಕೇ ಮಾಡ್ತಿರೂದು. ಬ್ಯಾನರ್ ಪ್ರಿಂಟ್ ಆಗಿದೆ. ಅವರ ಯಜಮಾನ್ರಿಗೂ ಫೋಟೋ ಕಳಿಸಿದ್ದೆ, ಎಷ್ಟು ಸಂತೋಷಪಟ್ಟರು ಗೊತ್ತಾ? ಮನೆಯವರಿಗೇ ಬೇಕಾದ್ದನ್ನು ತೆಗೀರಿ ಅನ್ನೂಕೆ ನೀವ್ಯಾರು?"

ಟು ಬಿ ಫ್ರ್ಯಾಂಕ್, ಅದು ನ್ಯಾಯವಾದ ಪ್ರಶ್ನೆ. ಬೆಳಕೆಗೆ ಬಸ್ಸು ಹತ್ತಿದೆ.

ಅವಳ ಗಂಡ ಬೋಟಿನ ಇಂಜಿನ್ ರಿಪೇರಿ ಮಾಡುವವರು. ಅವಳೊಬ್ಬಳೇ ಮಾತಾಡುತ್ತಿದ್ದ ಮನೆಯಲ್ಲಿ ಅಷ್ಟು ವರ್ಷ ಕೇಳಿಕೊಂಡಿದ್ದ ಮನುಷ್ಯ. ನನ್ನನ್ನು ಕಂಡವರೇ ಮೊಬೈಲ್ ತೆಗೆದು ಬ್ಯಾನರಿನ ಫೋಟೋ ತೋರಿಸಿದರು.

"ನೋಡಿ ಅಕ್ಕೋರೇ, ಎಷ್ಟು ದೊಡ್ಡ ಅಕ್ಷರ. ಅದ್ರ ಹೆಸರು ನಮ್ಮ ಮದುವೆ ಕಾಗದ ಬಿಟ್ರೆ ಬೇರೆಲ್ಲೂ ಪ್ರಿಂಟ್ ಆದದ್ದು ನಾ ಕಂಡದ್ದಿಲ್ಲ. ಕೇರಿ ಎಲ್ಲರಿಗೂ ತೋರ್ಸಿ ಬಂದೆ."

ಬಂದ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಕಲಸಿಹೋಯಿತು. ಆದರೂ ಹೇಳಿದೆ. ಅದು ಎಂಥ ಸ್ಪರ್ಧೆ, ಅದರಲ್ಲಿ ಏನೇನು ನಿಯಮ, ಎಲ್ಲ. ಅವರು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಹೊರಗೆ ಯಾರೋ ಬಲೆ ಒಣಗಿಸುತ್ತ ಹಾಡು ಹಾಕಿದ್ದರು.

"ಇರ್ಲಿ ಬಿಡಿ ಅಕ್ಕೋರೇ" ಎಂದರು ಕೊನೆಗೆ. "ಹೆಸರೊಂದು ಇರ್ಲಿ. ಅದು ಈಗ ಜಗಳಾಡೂಕೆ ಬರ್ತದಾ?"

"ಬರೂದಿಲ್ಲ. ಅದಕ್ಕೇ ನಾನು ಬಂದದ್ದು" ಎಂದೆ.

ಅವರು ನನ್ನ ಮುಖ ನೋಡಿದರು. ನಗಲು ಹೋದರು, ಅದು ನಗುವಾಗಲಿಲ್ಲ. ಎದ್ದು ಒಳಗೆ ಹೋಗಿ ಮುಖ ತೊಳೆದು ಬಂದು, ನಿಂತುಕೊಂಡೇ ಸೆಕ್ರೆಟರಿ ಸಾಹೇಬರಿಗೆ ಫೋನ್ ಮಾಡಿದರು.

"ನಾನು ಬೆಳಕೆಯಿಂದ. ನನ್ನ ಹೆಂಡ್ತಿ ಹೆಸರು ತೆಗೀರಿ... ಇಲ್ಲ, ಇಲ್ಲ, ಸಿಟ್ಟಲ್ಲ... ಪ್ರಿಂಟ್ ಆದ್ರೆ ಆಗ್ಲಿ ಸಾಹೇಬ್ರೆ, ಮೇಲಿಂದ ಕಾಗದ ಅಂಟ್ಸಿ. ಅದು ಇದ್ದಿದ್ರೆ ಹರಿದೇ ಹಾಕ್ತಿತ್ತು. ನಾ ಬರೀ ಅಂಟ್ಸೂಕೆ ಹೇಳ್ತೆ." ಫೋನ್ ಇಟ್ಟ ಮೇಲೆಯೇ ಕುಳಿತರು. ಬಹುಶಃ ಅವರ ಜೀವಮಾನದ ಮೊದಲ ಜಗಳ.

ಸ್ಪರ್ಧೆ ನಡೆಯಿತು. ಬೇರೆ ಯಾರೋ ಜಡ್ಜ್ ಆದರು. ಹೋಗಬಾರದೆಂದುಕೊಂಡಿದ್ದರೂ ನಾನು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಸ್ಟೇಜಿನ ಮೇಲೆ ಬ್ಯಾನರ್, ಅದರ ನಡುವೆ ಉದ್ದಕ್ಕೆ ಅಂಟಿಸಿದ ಬಿಳಿ ಕಾಗದ. ಒಂದು ಮೂಲೆಯಲ್ಲಿ ಅಂಟು ಬಿಟ್ಟು ಫ್ಯಾನಿನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನನ್ನ ಪಕ್ಕದ ಕುರ್ಚಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ ಅವಳ ಗಂಡ ಬಂದು ಕುಳಿತರು. ನಾನು ಕರೆದಿರಲಿಲ್ಲ.

ಮುಂದಿನ ಸಾಲಿನ ಒಬ್ಬ ತಾಯಿ ಹಿಂದಕ್ಕೆ ತಿರುಗಿ, "ಅಲ್ಲಿ ಎಂತ ಬರೆದಿತ್ತು? ತಪ್ಪಾಗಿ ಪ್ರಿಂಟ್ ಆಗಿತ್ತಾ?" ಎಂದು ಕೇಳಿದರು.

"ತಪ್ಪೆಂತದೂ ಆಗ್ಲಿಲ್ಲ" ಎಂದರು ಅವರು, ಸ್ಟೇಜಿನವರೆಗೂ ಕೇಳುವ ದನಿಯಲ್ಲಿ. "ಅಲ್ಲಿ ನನ್ನ ಹೆಂಡ್ತಿ ಹೆಸರು ಇತ್ತು. ಮುಚ್ಚಿಸಿದ್ದು ನಾವೇ."